ಯವನರ ನೀತಿದರ್ಶನವೂ ಅತ್ತಾವರದ ಬಾಬುಗುಡ್ಡೆಯೂ



ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣದ ಮಗ್ಗುಲಿಗೆ, ಆಸ್ಪತ್ರೆ, ದೇವಸ್ಥಾನ, ಬಹುಮಹಡಿ ವಸತಿಗಳ ನಡುವೆ ಹಬ್ಬಿಕೊಂಡಿರುವ ನಮ್ಮ ಅತ್ತಾವರಕ್ಕೂ, ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಅಥೆನ್ಸ್ ಪಟ್ಟಣದ ಪೇಟೆಬೀದಿಗಳಲ್ಲಿ ನಡೆದ ನೀತಿಜಿಜ್ಞಾಸೆಗೂ ಏನು ಸಂಬಂಧವೆಂದು ನಿಮ್ಮಲ್ಲಿ ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ಅನುಚಿತವೆನ್ನಲಾಗದು. ಗ್ರೀಕರ ನಾಟಕಗಳನ್ನು ಕನ್ನಡವು ಆದರದಿಂದ ಬರಮಾಡಿಕೊಂಡಿದೆ. ಸೊಫೊಕ್ಲಿಸನ ಏಜಾಕ್ಸನು ಬಿ.ಎಂ.ಶ್ರೀಯವರ ಕೈಯಲ್ಲಿ ಅಶ್ವತ್ಥಾಮನಾದನು, ಈಸ್ಕಿಲಸನ ಪಾರಸಿಕರು ಹಳಗನ್ನಡದ ಗಾಂಭೀರ್ಯದಲ್ಲಿ ಪುನಃ ಪ್ರಲಾಪಿಸಿದರು, ಲಂಕೇಶರ ದೆಸೆಯಿಂದ ಈಡಿಪಸನೂ ಅಂತಿಗೊನೆಯೂ ನಮ್ಮ ರಂಗಭೂಮಿಯವರಾದರು. ಅವರ ನೀತಿಗ್ರಂಥಗಳಿಗೆ ಮಾತ್ರ ಆ ಭಾಗ್ಯ ಅಷ್ಟಾಗಿ ಒದಗಲಿಲ್ಲ. ಎ.ಎನ್. ಮೂರ್ತಿರಾಯರು ಸಾಕ್ರಟೀಸನ ಕೊನೆಯ ದಿನಗಳನ್ನು ತಿಳಿಗನ್ನಡದಲ್ಲಿ ಒದಗಿಸಿಕೊಟ್ಟುದನ್ನು ನಾನು ಮರೆತಿಲ್ಲ. ಆದರೂ ಅರಿಸ್ಟಾಟಲನ ನೀತಿಶಾಸ್ತ್ರವೆಂದರೆ ಇಂದಿಗೂ ಅದು ಕಾಲೇಜಿನ ಪರೀಕ್ಷೆಗೆಂದು ಓದಿ ಮರೆಯುವ ಪಾಠ, ಇಲ್ಲವೆ ನಮ್ಮ ನೆರೆಯ ಜೆಪ್ಪುವಿನಲ್ಲಿ, 1879ರಲ್ಲಿ ಸ್ಥಾಪಿತವಾದ ಸಂತ ಜೋಸೆಫರ ಸೆಮಿನರಿಯಲ್ಲಿ, ಗುರುದೀಕ್ಷೆಗೆ ಸಿದ್ಧರಾಗುವವರು ಥಾಮಸ್ ಅಕ್ವಿನಾಸನ ಮುಖಾಂತರ ಅಭ್ಯಸಿಸುವ ವಿಷಯ, ಎಂಬ ಭಾವನೆಯೇ ನಮ್ಮಲ್ಲಿ ಬಲವಾಗಿದೆ.

ಈ ಭಾವನೆ ಸರಿಯಲ್ಲವೆಂದು ನನಗೆ ತೋರುವುದಕ್ಕೆ ಕಾರಣ ಅತ್ತಾವರದಲ್ಲಿಯೇ ಇದೆ. ಇಲ್ಲಿಯ ಬಾಬುಗುಡ್ಡೆಯಲ್ಲಿ ಕುದ್ಮುಲ್ ರಂಗರಾಯರ ಸಮಾಧಿಯುಂಟು. ಪುರಭವನಕ್ಕೆ ಅವರ ಹೆಸರಿಟ್ಟಿರುವುದರಿಂದ ಆ ನಾಮಧೇಯವು ಮಂಗಳೂರಿನವರೆಲ್ಲರ ನಾಲಗೆಯ ಮೇಲಿದೆ. ಆದರೆ ಗ್ರೀಕ್ ನೀತಿಶಾಸ್ತ್ರದ ಅತ್ಯುತ್ತಮ ಸಿದ್ಧಾಂತವೊಂದನ್ನು, ಆ ಸಿದ್ಧಾಂತವನ್ನು ಹೇಳಿದವನೇ ಹೋಗಲು ಅಂಜಿದಷ್ಟು ದೂರಕ್ಕೆ ಕೊಂಡೊಯ್ದವರು ಇವರು ಎಂಬ ದೃಷ್ಟಿಯಿಂದ ಅವರ ಬಾಳನ್ನು ನೋಡಿದವರು ವಿರಳ. ಆ ದೃಷ್ಟಿಯನ್ನು ನಿಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಮೊದಲು ಯವನರು ಕೇಳಿದ ಪ್ರಶ್ನೆ ಯಾವುದೆಂಬುದನ್ನು ನೋಡೋಣ. ನೀತಿಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ವಿಧಿನಿಷೇಧಗಳ ಪಟ್ಟಿ. ಇದನ್ನು ಮಾಡು, ಅದನ್ನು ಬಿಡು ಎಂಬ ಶಾಸನ. ಗ್ರೀಕರು ಆರಂಭಿಸಿದ್ದು ಅಲ್ಲಿಂದಲ್ಲ. ಮನುಷ್ಯನು ಚೆನ್ನಾಗಿ ಬಾಳಿದನೆಂದು ಯಾವಾಗ ಹೇಳಬಹುದು, ಹಾಗೆ ಬಾಳುವುದಕ್ಕೆ ಅವನು ಎಂಥವನಾಗಿರಬೇಕು, ಎಂಬುದು ಅವರ ಪ್ರಶ್ನೆ. ಕ್ರಿಸ್ತಪೂರ್ವ 399ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ನ್ಯಾಯಸ್ಥಾನದ ಎದುರು ನಿಂತ ಸಾಕ್ರಟೀಸನು ಈ ಪ್ರಶ್ನೆಯನ್ನು ಕೇಳುವುದನ್ನು ನಿಲ್ಲಿಸುವ ಬದಲು ವಿಷವನ್ನು ಕುಡಿಯುವುದೇ ಲೇಸೆಂದು ಬಗೆದನು. ಸೆರೆಮನೆಯಿಂದ ತಪ್ಪಿಸಿಕೊಂಡು ಹೋಗಲು ಮಿತ್ರನಾದ ಕ್ರೀಟೋ ಎಲ್ಲ ಸಿದ್ಧತೆಯನ್ನೂ ಮಾಡಿದ್ದಾಗ, ಅನ್ಯಾಯಕ್ಕೆ ಪ್ರತಿಯಾಗಿ ಅನ್ಯಾಯವನ್ನು ಮಾಡಕೂಡದೆಂದು ಹೇಳಿ ಕುಳಿತಲ್ಲಿಯೇ ಕುಳಿತನು. ಅನ್ಯಾಯವನ್ನು ಅನುಭವಿಸುವುದಕ್ಕಿಂತ ಅನ್ಯಾಯವನ್ನು ಮಾಡುವುದೇ ಮನುಷ್ಯನಿಗೆ ಹೆಚ್ಚಿನ ಕೇಡು ಎಂಬ ಅವನ ಮಾತು, ಹೊರನೋಟಕ್ಕೆ ವಿಚಿತ್ರವಾಗಿ ಕಂಡರೂ, ಸಮಗ್ರ ಗ್ರೀಕ್ ನೀತಿದರ್ಶನದ ಅಡಿಗಲ್ಲು.

ಆ ಅಡಿಗಲ್ಲಿನ ಮೇಲೆ ಕಟ್ಟಡವನ್ನೆಬ್ಬಿಸಿದವನು ಪ್ಲೇಟೋವಿನ ಶಿಷ್ಯನಾದ ಅರಿಸ್ಟಾಟಲನು. ಅವನ 'ನೈಕೋಮೇಕಿಯನ್ ನೀತಿಶಾಸ್ತ್ರ'ವು ಹತ್ತು ಭಾಗಗಳ ಗ್ರಂಥ. ಅದರ ಎರಡನೆಯ ಭಾಗದಲ್ಲಿ ಅವನು ಹೇಳುವ ಮಾತು ಅತ್ಯಂತ ಸರಳ, ಅಷ್ಟೇ ದೂರಗಾಮಿ. ಮನೆ ಕಟ್ಟುತ್ತ ಕಟ್ಟುತ್ತ ಒಬ್ಬನು ಮನೆ ಕಟ್ಟುವವನಾಗುವನು, ವೀಣೆ ನುಡಿಸುತ್ತ ನುಡಿಸುತ್ತ ವೈಣಿಕನಾಗುವನು. ಅಂತೆಯೇ ನ್ಯಾಯವಾದ ಕೆಲಸಗಳನ್ನು ಮಾಡುತ್ತ ನ್ಯಾಯವಂತನೂ, ಭಯದ ಸಂದರ್ಭಗಳಲ್ಲಿ ನಿಂತು ನಿಂತು ಧೈರ್ಯವಂತನೂ ಆಗುವನು. ಸದ್ಗುಣವು ಹುಟ್ಟಿನೊಡನೆ ಬರತಕ್ಕದ್ದಲ್ಲ. ಪ್ರಕೃತಿಗೆ ವಿರುದ್ಧವೂ ಅಲ್ಲ. ಅದನ್ನು ಸ್ವೀಕರಿಸುವ ಯೋಗ್ಯತೆಯನ್ನು ಪ್ರಕೃತಿ ಕೊಟ್ಟಿರುತ್ತದೆ, ಅಭ್ಯಾಸವು ಅದನ್ನು ಪೂರ್ಣಗೊಳಿಸುತ್ತದೆ. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯನ್ನು ನಮ್ಮ ಜಿಲ್ಲೆಯ ಹಿರಿಯರು ಬಲ್ಲರು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಕೊಟ್ಟದ್ದು ಎಂದೋ ಒಂದು ದಿನ ಮಗಳ ಮದುವೆಯ ಖರ್ಚಿಗೋ ಅಂಗಡಿಯ ಬಂಡವಾಳಕ್ಕೋ ಒದಗುತ್ತಿದ್ದಂತೆ, ದಿನದಿನದ ಕಿರುಗೆಲಸಗಳು ಕೂಡಿಯೇ ಶೀಲವೆಂಬ ಮೂಲಧನವಾಗುವುದು ಎಂಬುದು ಅರಿಸ್ಟಾಟಲನ ಮತ. ಎರಡು ದುಷ್ಟ ಅಂತ್ಯಗಳ ನಡುವಣ ಮಧ್ಯಮಮಾರ್ಗವೇ ಸದ್ಗುಣವೆಂದು ಅವನು ಹೇಳಿದ್ದು ಹೆಚ್ಚು ಪ್ರಸಿದ್ಧವಾಗಿದೆ. ಆದರೆ ಆ ಮಧ್ಯವು ಲೆಕ್ಕದ ಸರಾಸರಿಯಲ್ಲ, ಜಟ್ಟಿಗೆ ಸಾಲದ ಊಟ ಹೊಸದಾಗಿ ಗರಡಿಗೆ ಸೇರಿದವನಿಗೆ ಅತಿಯಾಗುವುದೆಂದು ಅವನೇ ಎಚ್ಚರಿಸಿರುವುದರಿಂದ, ಆ ವಿಚಾರವನ್ನು ಇಲ್ಲಿಗೇ ಬಿಡುವೆನು.

ಸದ್ಗುಣವು ಅಭ್ಯಾಸದಿಂದ ಬರುವುದಾದರೆ, ಅಭ್ಯಾಸಕ್ಕೆ ಅವಕಾಶ ಬೇಕು. ವೀಣೆಯನ್ನೇ ಮುಟ್ಟಗೊಡದೆ ಒಬ್ಬನಿಗೆ ಸಂಗೀತ ಬಾರದೆಂದು ಹಳಿಯುವುದು ನ್ಯಾಯವಲ್ಲ. ಆ ಅವಕಾಶವನ್ನು ಕೊಡುವುದು ಯಾರು? ಒಬ್ಬೊಬ್ಬನಿಗೂ ಅವನ ಊರು ಕೊಡುತ್ತದೆ. ಅದರ ಶಾಲೆ, ಅದರ ಕಾನೂನು, ಅದರ ಪಂಕ್ತಿ, ಅದರ ಬೀದಿ ಕೊಡುತ್ತದೆ. ಇದನ್ನು ಅರಿಸ್ಟಾಟಲನು ಸ್ಪಷ್ಟವಾಗಿ ಕಂಡಿದ್ದನು. ಕಂಡೂ, ತನ್ನ ಪಟ್ಟಣದ ಎಲ್ಲೆಯ ಬಳಿ ಬಂದಾಗ ನಿಂತುಬಿಟ್ಟನು. 'ರಾಜನೀತಿ' ಎಂಬ ಗ್ರಂಥದ ಮೊದಲ ಭಾಗದಲ್ಲಿ ಅವನು ಕೆಲವರು ಪ್ರಕೃತಿಯಿಂದಲೇ ದಾಸರೆಂದು ಬರೆದನು. ದಾಸ್ಯವು ಪ್ರಕೃತಿಸಿದ್ಧವಲ್ಲ, ಬಲಾತ್ಕಾರದಿಂದ ಬಂದ ಕಟ್ಟಳೆ ಮಾತ್ರ ಎಂದು ವಾದಿಸುವವರು ತನ್ನ ಕಾಲದಲ್ಲಿಯೇ ಇದ್ದರೆಂಬುದನ್ನು ಅವನೇ ದಾಖಲಿಸಿದ್ದಾನೆ, ಆದರೆ ಆ ವಾದವನ್ನು ಪೂರ್ಣವಾಗಿ ಒಪ್ಪಲಿಲ್ಲ. ಬರ್ಬರರಿಗೂ ದಾಸರಿಗೂ ಸ್ವಭಾವತಃ ಭೇದವಿಲ್ಲವೆಂಬ ಅರ್ಥದಲ್ಲಿ ಯುರಿಪಿಡೀಸನ ನಾಟಕವೊಂದನ್ನು ಸಾಕ್ಷ್ಯಕ್ಕೆ ಕರೆದನು.

ಈ ಬರ್ಬರರು ಯಾರು? ಗ್ರೀಕ್ ನುಡಿಯದವರೆಲ್ಲರೂ, ಎಂದರೆ ನಾವೂ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಮರಳಿನ ಅಡಿಯಿಂದ ದೊರೆತು 1903ರಲ್ಲಿ ಅಚ್ಚಾದ ಪಪೈರಸ್ ಹಾಳೆಗಳಲ್ಲಿ ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ಪ್ರಹಸನವೊಂದಿದೆ. ಹಿಂದೂ ಸಾಗರದ ತೀರದ ಅರಸನೊಬ್ಬನ ಕೈಗೆ ಸಿಲುಕಿದ ಗ್ರೀಕ್ ಯುವತಿಯನ್ನು ಅವಳ ಸೋದರನೂ ಸಂಗಡಿಗರೂ, ಆ ಅರಸನಿಗೆ ನೀರು ಬೆರೆಸದ ಮದ್ಯವನ್ನು ಕುಡಿಸಿ, ಮೈಮರೆಸಿ, ಹಡಗೇರಿಸಿ ಕೊಂಡೊಯ್ಯುವ ಕಥೆ ಅದು. ಅದರಲ್ಲಿ ಅರಸನೂ ಅವನ ಪರಿವಾರವೂ ಆಡುವ ಗ್ರೀಕಲ್ಲದ ಮಾತು ಕನ್ನಡವಿರಬಹುದೆಂದು ಜರ್ಮನ್ ವಿದ್ವಾಂಸ ಹುಲ್ಟ್ಶ್ ಮೊದಲು ಊಹಿಸಿದನು. ಶಾಮಾಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಊಹೆಯನ್ನು ವಿಸ್ತಾರವಾಗಿ ಪರಿಶೀಲಿಸಿದರು. ಒಪ್ಪದ ಪಂಡಿತರೂ ಇದ್ದಾರೆ. ನಮ್ಮ ಭಾಷೆಯ ಪ್ರಾಚೀನತೆಗೆ ಸಾಕ್ಷಿಯೆಂದು ನಾವು ಆ ಹಾಳೆಗಳನ್ನು ಹೆಮ್ಮೆಯಿಂದ ಉಲ್ಲೇಖಿಸುತ್ತೇವೆ, ಉಲ್ಲೇಖಿಸೋಣ. ಆದರೆ ಆ ರಂಗದ ಮೇಲೆ ನಗೆಪಾಟಲಿಗೆ ಗುರಿಯಾದವರು ಯಾರೆಂಬುದನ್ನೂ ಗಮನಿಸಬೇಕು. ಆ ಪ್ರೇಕ್ಷಕರ ದೃಷ್ಟಿಯಲ್ಲಿ ಈ ಕರಾವಳಿಯ ಬ್ರಾಹ್ಮಣನೂ ಬಂಟನೂ ಬಿಲ್ಲವನೂ ಮೊಗವೀರನೂ ಕೊರಗನೂ ಒಂದೇ: ನಾಗರಿಕತೆಯ ಗೆರೆಯ ಆಚೆಗಿನವರು. ಗೆರೆಯ ಆಚೆ ನಿಲ್ಲಿಸಲ್ಪಟ್ಟವನಿಗೆ ಆ ಗೆರೆ ಎಷ್ಟು ಅಸಂಗತವಾಗಿ ಕಾಣುವುದೋ, ಅದೇ ಗೆರೆಯನ್ನು ತನ್ನ ಊರಿನೊಳಗೆ ತಾನೇ ಎಳೆಯುವಾಗ ಅಷ್ಟೇ ಸ್ವಾಭಾವಿಕವಾಗಿ ಕಾಣುವುದು ಮನುಷ್ಯನ ಮನಸ್ಸಿನ ಒಂದು ದೊಡ್ಡ ದುರಂತ.

ಹತ್ತೊಂಬತ್ತನೆಯ ಶತಮಾನದ ಮಂಗಳೂರಿನಲ್ಲಿ ಆ ಗೆರೆಯು ಎಲ್ಲಿ ಬಿದ್ದಿತ್ತೆಂಬುದು ನಿಮಗೆಲ್ಲ ತಿಳಿದ ವಿಷಯ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದಿರಲಿಲ್ಲ. 1859ರಲ್ಲಿ ಕಾಸರಗೋಡಿನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿ, ಮಂಗಳೂರಿಗೆ ಬಂದು, ಬಡವರ ವಕೀಲರೆಂದು ಹೆಸರಾಗಿ, 1870ರಲ್ಲಿ ಇಲ್ಲಿ ಸ್ಥಾಪಿತವಾಗಿದ್ದ ಬ್ರಹ್ಮಸಮಾಜದ ಮತ್ತು ಅದರ ಮುಂದಾಳು ಉಳ್ಳಾಲ ರಘುನಾಥಯ್ಯನವರ ಪ್ರಭಾವಕ್ಕೆ ಒಳಗಾದ ರಂಗರಾಯರು 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ಆ ಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದರು. ಸ್ವಜಾತಿಯವರು ಬಹಿಷ್ಕರಿಸಿದರು, ಪಾಠ ಹೇಳಲು ಮೇಲ್ಜಾತಿಯ ಅಧ್ಯಾಪಕರು ಮುಂದೆ ಬಾರದಿದ್ದುದರಿಂದ ಕ್ರೈಸ್ತ ಅಧ್ಯಾಪಕರನ್ನು ಕರೆತರಬೇಕಾಯಿತು. ಮಗುವು ಶಾಲೆಗೆ ಬಂದರೆ ಆ ದಿನದ ದುಡಿಮೆ ತಪ್ಪುವುದೆಂದು ಹೆತ್ತವರು ಹಿಂಜರಿದಾಗ, ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಮನೆಯವರಿಗೆ ಕಿಂಚಿತ್ ಹಣವನ್ನೂ ಕೊಟ್ಟು, ಹಸಿವಿನ ಆ ಆಕ್ಷೇಪಣೆಗೆ ಅನ್ನದಿಂದಲೇ ಉತ್ತರವಿತ್ತರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಹುಟ್ಟಿತು. ಮುಂಬಯಿಯಲ್ಲಿ ವಿಠ್ಠಲ ರಾಮಜೀ ಶಿಂದೆಯವರು ಅದೇ ಹೆಸರಿನ ಸಂಸ್ಥೆಯನ್ನು ಆರಂಭಿಸಿದ್ದು 1906ರಲ್ಲಿ. ಶಾಲೆಗಳು ಹೆಚ್ಚಿದುವು, ಅಕ್ಷರದ ಜತೆಗೆ ಮಗ್ಗವೂ ಮರಗೆಲಸದ ಉಳಿಯೂ ಬಂದುವು, ಮನೆಕಟ್ಟಲು ನೆಲವನ್ನು ದೊರಕಿಸುವ ಯತ್ನವೂ ನಡೆಯಿತು.

ಈ ಮಗ್ಗದ ಬಳಿ ಕ್ಷಣಕಾಲ ನಿಲ್ಲಬೇಕೆನಿಸುತ್ತದೆ. ಹಾಸಿನ ನೂಲನ್ನು ಬಿಗಿದು, ಲಾಳಿಯನ್ನು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಎಸೆಯುತ್ತ, ಕಡಿದ ಎಳೆಯನ್ನು ಬೆರಳ ತುದಿಯಿಂದ ಗಂಟಿಕ್ಕುತ್ತ ಕುಳಿತ ಹುಡುಗನು ಬಟ್ಟೆಯೊಂದನ್ನು ಮಾತ್ರ ನೇಯುವುದಿಲ್ಲ. ಕಡಿದ ಎಳೆಗೆ ಕೋಪಗೊಂಡರೆ ಇನ್ನೆರಡು ಎಳೆ ಕಡಿಯುವುವೆಂದು ಅವನು ಕಲಿಯುತ್ತಾನೆ. ಸಂಜೆಯವರೆಗೆ ಕುಳಿತದ್ದಕ್ಕೆ ಫಲವಾಗಿ ಮೊಳದಷ್ಟು ಬಟ್ಟೆ ಕಣ್ಣೆದುರಿಗೆ ಬೆಳೆದುದನ್ನು ಕಂಡು, ನಾಳೆಯ ದಿನವೆಂಬುದೊಂದು ತನ್ನ ಕೈಯಲ್ಲಿದೆಯೆಂದು ತಿಳಿಯುತ್ತಾನೆ. ತಾಳ್ಮೆ, ನಿಯಮ, ತನ್ನ ಕೆಲಸದ ಬಗ್ಗೆ ಆತ್ಮಗೌರವ, ಇವು ಅರಿಸ್ಟಾಟಲನು ಬಣ್ಣಿಸಿದ ಮಾರ್ಗದಿಂದಲೇ ಬರುವುವು. ವ್ಯತ್ಯಾಸವೇನೆಂದರೆ, ಆ ಮಾರ್ಗದಲ್ಲಿ ನಡೆಯಲು ಹುಟ್ಟಿನಿಂದಲೇ ಅನರ್ಹರೆಂದು ಅಥೆನ್ಸು ಯಾರನ್ನು ತಳ್ಳುತ್ತಿತ್ತೋ, ಅಂಥವರನ್ನೇ ರಂಗರಾಯರು ಮೊದಲ ಸಾಲಿನಲ್ಲಿ ಕೂರಿಸಿದರು. ದಾಸನ ಸ್ವಭಾವವೆಂದು ತೋರುವುದು ದಾಸ್ಯದ ಅಭ್ಯಾಸವೇ ಹೊರತು ಬೇರೆಯಲ್ಲವೆಂಬುದನ್ನು, ಅರಿಸ್ಟಾಟಲನ ಸೂತ್ರವನ್ನೇ ಹಿಡಿದು, ಅವನ ವಿರುದ್ಧವೇ ಸಾಧಿಸಿ ತೋರಿಸಿದುದು ಮಂಗಳೂರಿನ ಈ ಬಡಶಾಲೆಗಳು. ಅರಿಸ್ಟಾಟಲನಿಗೂ ಈ ಸತ್ಯದ ಸುಳಿವು ಇರಲಿಲ್ಲವೆನ್ನಲು ನನಗೆ ಮನಸ್ಸು ಬಾರದು. ತನ್ನನ್ನು ಸೇವಿಸಿದ ಹುಡುಗರಲ್ಲಿ ಯಾರನ್ನೂ ಮಾರಕೂಡದು, ಪ್ರಾಪ್ತವಯಸ್ಕರಾದಾಗ ಅರ್ಹತೆಯಂತೆ ಅವರಿಗೆ ಬಿಡುಗಡೆ ಕೊಡಬೇಕು ಎಂದು ಅವನು ತನ್ನ ಮರಣಶಾಸನದಲ್ಲಿ ಬರೆಸಿದ್ದನೆಂದು ಡಯೋಜಿನೀಸ್ ಲೇಯರ್ಟಿಯಸನ ಗ್ರಂಥದಿಂದ ತಿಳಿಯುತ್ತದೆ. ಗ್ರಂಥಕರ್ತನು ಒಪ್ಪದ ಮಾತನ್ನು ಆ ಮನೆಯ ಯಜಮಾನನು ಅರ್ಧದಷ್ಟಾದರೂ ಒಪ್ಪಿಕೊಂಡನು.

ಇನ್ನೊಂದು ಹೋಲಿಕೆಯೂ ಇದೆ. ನನ್ನ ಮಟ್ಟಿಗೆ ಅದು ಇದಕ್ಕಿಂತ ಗಾಢವಾದುದು. ಅರಿಸ್ಟಾಟಲನು ತನ್ನ ನೀತಿಗ್ರಂಥದ ನಾಲ್ಕನೆಯ ಭಾಗದಲ್ಲಿ ಮಹಾತ್ಮನ, ಎಂದರೆ ಉದಾತ್ತಚೇತನನ, ಚಿತ್ರವೊಂದನ್ನು ಬಿಡಿಸುತ್ತಾನೆ. ಆ ಪುರುಷನು ಉಪಕಾರ ಮಾಡಲು ಸಿದ್ಧ, ಉಪಕಾರ ಪಡೆಯಲು ನಾಚುವವನು. ತಾನು ಮಾಡಿದ ಉಪಕಾರ ಅವನ ನೆನಪಿನಲ್ಲಿರುತ್ತದೆ, ಪಡೆದದ್ದು ಇರುವುದಿಲ್ಲ. ಅವನ ನಡೆ ನಿಧಾನ, ದನಿ ಗಂಭೀರ, ಏಕೆಂದರೆ ಮೇಲಿರುವುದೇ ಅವನ ಧರ್ಮ. ರಂಗರಾಯರ ಸಮಾಧಿಯ ಮೇಲೆ ಅವರ ಹಂಬಲವೊಂದನ್ನು ಕೆತ್ತಿದ್ದಾರೆ. ತಮ್ಮ ಶಾಲೆಯಲ್ಲಿ ಓದಿದ ದಲಿತ ಮಕ್ಕಳು ಸರಕಾರದ ಉದ್ಯೋಗಕ್ಕೆ ಸೇರಿ, ಊರ ಬೀದಿಯಲ್ಲಿ ಕಾರಿನಲ್ಲಿ ಓಡಾಡುವಂತಾಗಿ, ಆ ಕಾರಿನ ಧೂಳು ತಮ್ಮ ತಲೆಗೆ ತಾಗಿದರೆ ತಮ್ಮ ಜನ್ಮ ಸಾರ್ಥಕ ಎಂಬುದು ಅದರ ತಾತ್ಪರ್ಯ. ಈ ಆಸೆಯ ರಚನೆಯನ್ನು ಗಮನಿಸಿರಿ. ಅವರು ಕೃತಜ್ಞತೆಯನ್ನು ಬೇಡಲಿಲ್ಲ. ಆ ಮಕ್ಕಳು ಕಾರು ನಿಲ್ಲಿಸಿ ಇಳಿದು ನಮಸ್ಕರಿಸಲಿ ಎನ್ನಲಿಲ್ಲ. ತಮ್ಮನ್ನು ದಾಟಿಹೋಗಲಿ, ಹೋಗುವಾಗ ತಮ್ಮ ಗುರುತೂ ಅವರಿಗೆ ಹತ್ತದಿರಲಿ, ಧೂಳು ಮಾತ್ರ ತಮಗಿರಲಿ ಎಂದರು. ಉಪಕಾರವೆಂಬುದು ಕೊಟ್ಟವನನ್ನು ಎತ್ತರದಲ್ಲಿಯೂ ಕೊಂಡವನನ್ನು ತಗ್ಗಿನಲ್ಲಿಯೂ ಇರಿಸುವ ತನಕ ಅದು ಅಪೂರ್ಣವೆಂಬ ತಿಳಿವು ಅಥೆನ್ಸಿನ ಉದಾತ್ತಚೇತನನಿಗೆ ಇರಲಿಲ್ಲ. ತಮ್ಮ ಮಗಳು ರಾಧಾಬಾಯಿಯವರನ್ನು ಓದಿಸಿ, ಜಾತಿಯ ಹೊರಗೆ, ಕುಮಾರಮಂಗಲದ ಜಮೀನುದಾರ ಸುಬ್ಬರಾಯನ್ ಅವರಿಗೆ ವಿವಾಹಮಾಡಿಕೊಟ್ಟ ರಂಗರಾಯರು, 1927ರಲ್ಲಿ ಸನ್ಯಾಸ ಸ್ವೀಕರಿಸಿ, 1928ರ ಜನವರಿ 30ರಂದು ದೇಹತ್ಯಾಗ ಮಾಡಿದಾಗ, ತಮ್ಮ ಶವವನ್ನು ದಲಿತರೇ ಹೊರಬೇಕೆಂದು ಬಯಸಿದ್ದರು. 1934ರಲ್ಲಿ ಹರಿಜನಯಾತ್ರೆಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಕಾರ್ಯವನ್ನು ಗೌರವದಿಂದ ನೆನೆದರು.

ಅರಿಸ್ಟಾಟಲನು ತನ್ನ ಗ್ರಂಥದ ಹತ್ತು ಭಾಗಗಳಲ್ಲಿ ಎರಡನ್ನು ಸ್ನೇಹಕ್ಕೆ ಮೀಸಲಿಟ್ಟಿದ್ದಾನೆ. ನ್ಯಾಯಕ್ಕೆ ದೊರೆತದ್ದು ಒಂದೇ. ಸ್ನೇಹಿತರಿದ್ದಲ್ಲಿ ನ್ಯಾಯದ ಅಗತ್ಯವಿಲ್ಲ, ನ್ಯಾಯವಂತರಿಗೂ ಸ್ನೇಹದ ಅಗತ್ಯವುಂಟು ಎಂಬುದು ಅವನ ನಿಲುವು. ಲಾಭದ ಸ್ನೇಹ, ವಿನೋದದ ಸ್ನೇಹ, ಒಬ್ಬರ ಒಳ್ಳೆಯತನಕ್ಕೆ ಇನ್ನೊಬ್ಬರು ಒಲಿದ ಸ್ನೇಹ ಎಂದು ಮೂರು ಬಗೆಯನ್ನು ಹೇಳಿ, ಈ ಮೂರನೆಯದು ಬೇಗನೆ ಆಗತಕ್ಕದ್ದಲ್ಲ, ಗಾದೆ ಹೇಳುವಷ್ಟು ಉಪ್ಪನ್ನು ಇಬ್ಬರೂ ಜತೆಯಲ್ಲಿ ಕುಳಿತು ತಿಂದ ಹೊರತು ಒಬ್ಬರನ್ನೊಬ್ಬರು ಅರಿಯಲಾರರು ಎನ್ನುತ್ತಾನೆ. ಉಪ್ಪಿನ ಋಣವನ್ನು ಬಲ್ಲ ನಮಗೆ ಈ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಜಾತಿಯ ಕಟ್ಟಳೆ ಮೊಟ್ಟಮೊದಲು ಕೈಹಾಕಿದ್ದು ಸಹಪಂಕ್ತಿಗೇ. ಸ್ನೇಹಕ್ಕೆ ಬೇಕಾದ ಉಪ್ಪನ್ನೇ ಕಸಿದುಕೊಂಡ ಮೇಲೆ ಒಂದೇ ಬೀದಿಯಲ್ಲಿ ಐನೂರು ವರ್ಷ ಬಾಳಿದರೂ ಪರಿಚಯವಾಗುವುದು ಹೇಗೆ? ಕೊರಗರನ್ನು ಕುರಿತು ನಮ್ಮ ಜಿಲ್ಲೆಯಲ್ಲಿ ನಡೆದುಬಂದ ಅಜಲು ಪದ್ಧತಿಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ: ಇತರರ ಅನಿಷ್ಟವು ಅವರಿಗೆ ತಗಲಲೆಂದು ಕೂದಲನ್ನೂ ಉಗುರನ್ನೂ ಕಲಸಿದ ಅನ್ನವನ್ನು ಅವರಿಗೆ ಉಣಿಸುತ್ತಿದ್ದರು. ಅನ್ನವನ್ನು ಸ್ನೇಹದ ಸಾಧನವನ್ನಾಗಿ ಬಳಸುವ ಬದಲು ಅವಮಾನದ ಸಾಧನವನ್ನಾಗಿ ಬಳಸಿದ ಈ ಪದ್ಧತಿಯನ್ನು ಕರ್ನಾಟಕದ ಶಾಸನಸಭೆ ನಿಷೇಧಿಸಿದ್ದು 2000ನೆಯ ಇಸವಿಯಲ್ಲಿ; ಚಿಲಿಂಬಿಯ ಶಾಲೆ ತೆರೆದು ನೂರು ವರ್ಷಗಳಿಗೂ ಮೀರಿದ ಮೇಲೆ.

ಇಂದಿನ ಅತ್ತಾವರಕ್ಕೆ ಬರೋಣ. ಇಲ್ಲಿಯ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ ಭಟ್ಕಳದವರೆಗಿನ ಕರಾವಳಿಯೂ ಘಟ್ಟದ ಮೇಲಿನ ಮಲೆನಾಡೂ ತಮ್ಮ ರೋಗಿಗಳನ್ನು ಕಳುಹಿಸುತ್ತವೆ. ಹೊರರೋಗಿ ವಿಭಾಗದ ಬೆಂಚಿನ ಮೇಲೆ ಬ್ಯಾರಿ, ಕೊಂಕಣಿ, ತುಳು, ಮಲಯಾಳ, ಕನ್ನಡ, ಐದು ಭಾಷೆಗಳು ಭುಜಕ್ಕೆ ಭುಜ ತಾಗಿಸಿ ಕುಳಿತಿರುತ್ತವೆ. ತನ್ನ ಸರದಿಯ ಚೀಟಿಯನ್ನು ಓದಲಾರದ ಅಜ್ಜಿಗೆ ಪಕ್ಕದ ಅಪರಿಚಿತನು ಓದಿ ಹೇಳುತ್ತಾನೆ, ಆಕೆ ತನ್ನ ಚೀಲದಿಂದ ಬಾಳೆಹಣ್ಣೊಂದನ್ನು ತೆಗೆದು ಅವನ ಮಗುವಿಗೆ ಕೊಡುತ್ತಾಳೆ. ಇಬ್ಬರೂ ಒಬ್ಬರ ಜಾತಿಯನ್ನು ಮತ್ತೊಬ್ಬರು ಕೇಳುವುದಿಲ್ಲ. ಆ ಬೆಂಚಿನಷ್ಟು ಉತ್ತಮವಾದ ನೀತಿಪಾಠಶಾಲೆ ನಮ್ಮ ನಗರದಲ್ಲಿ ಬೇರೊಂದಿಲ್ಲ. ಆದರೆ ಆ ಬೆಂಚಿನ ಕೆಳಗಿನ ನೆಲವನ್ನು ಒರಸುವವಳನ್ನು, ವಾರ್ಡಿನ ಬಕೆಟ್ಟನ್ನು ಹೊರುವವಳನ್ನು, ಸಮೀಪದ ವಸತಿಗಳ ಗೇಟಿನಲ್ಲಿ ಹನ್ನೆರಡು ತಾಸಿನ ಪಾಳಿಯಲ್ಲಿ ಕೂರುವವನನ್ನು, ಗದಗ, ಕೊಪ್ಪಳ, ಬಾಗಲಕೋಟೆಗಳಿಂದ ಬಂದು ಮುಂಜಾನೆ ರಸ್ತೆಯಂಚಿನಲ್ಲಿ ಕೂಲಿಗಾಗಿ ಕಾಯುವ ಗಾರೆ ಕೆಲಸದವರನ್ನು ಕುರಿತು ಕೇಳಬೇಕಾದ ಪ್ರಶ್ನೆಯೊಂದಿದೆ. ಅವರಿಗೆ ಸಂಬಳ ಸಿಗುತ್ತದೆಯೇ ಎಂಬುದು ಮೊದಲ ಪ್ರಶ್ನೆ, ನಿಜ. ಆದರೆ ಚೆನ್ನಾಗಿ ಬಾಳುವುದನ್ನು ಅಭ್ಯಾಸ ಮಾಡಲು, ಮಕ್ಕಳೊಡನೆ ಕೂರಲು, ಒಂದು ಪುಸ್ತಕವನ್ನು ತೆರೆಯಲು, ಮಿತ್ರನ ಸಂಕಟಕ್ಕೆ ಹೋಗಲು ಅವರಿಗೆ ನಾವು ಬಿಡುವನ್ನು ಉಳಿಸಿದ್ದೇವೆಯೇ ಎಂಬುದು ಯವನರು ಕೇಳುವ ಪ್ರಶ್ನೆ. ಬಿಡುವಿಲ್ಲದೆ ಸದ್ಗುಣವಿಲ್ಲವೆಂದು ಅರಿಸ್ಟಾಟಲನು ಹೇಳಿದನು. ತನ್ನ ಬಿಡುವಿಗಾಗಿ ಇತರರು ದುಡಿಯಲಿ ಎಂದೂ ಹೇಳಿದನು. ಮೊದಲನೆಯ ಮಾತು ಸತ್ಯ. ಎರಡನೆಯದನ್ನು ಇಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬಹುಮಟ್ಟಿಗೆ ಅದರಂತೆಯೇ ನಡೆಯುತ್ತೇವೆ.

ದುಡಿಯುವವನು ಚಿಂತಕನಾಗಲಾರನೆಂಬ ಗ್ರೀಕ್ ಅಭಿಪ್ರಾಯಕ್ಕೆ ಗ್ರೀಕರಲ್ಲಿಯೇ ಉತ್ತರವಿತ್ತು. ಕ್ಲಿಯಾಂಥಿಸ್ ಎಂಬವನು ರಾತ್ರಿಯೆಲ್ಲ ತೋಟಗಳಿಗೆ ನೀರು ಸೇದಿ, ಹಗಲು ಸ್ಟೋಯಿಕ್ ಗುರು ಝೀನೋವಿನ ಬಳಿ ತತ್ತ್ವಾಭ್ಯಾಸ ಮಾಡುತ್ತಿದ್ದನು. ಇವನ ಜೀವನೋಪಾಯ ಏನೆಂದು ನ್ಯಾಯಸ್ಥಾನವು ವಿಚಾರಣೆಗೆ ಕರೆಯಲು, ಅವನು ನೀರು ಸೇದುತ್ತಿದ್ದ ತೋಟದವನನ್ನೂ, ತಾನು ಹಿಟ್ಟು ಬೀಸಿಕೊಡುತ್ತಿದ್ದ ಹೆಂಗಸನ್ನೂ ಸಾಕ್ಷಿಗೆ ನಿಲ್ಲಿಸಿದನು. ನ್ಯಾಯಾಧೀಶರು ಸಂತೋಷಪಟ್ಟು ಹತ್ತು ಮಿನಾ ಹಣವನ್ನು ಕೊಡಲು ನಿರ್ಧರಿಸಿದರು. ಗುರುವು ಅದನ್ನು ಮುಟ್ಟಬೇಡವೆಂದನು. ಈ ನೀರು ಸೇದುವವನು ಮುಂದೆ ಝೀನೋವಿನ ತರುವಾಯ ಸ್ಟೋಯಿಕ್ ಪಂಥದ ಆಚಾರ್ಯನಾದನು. ಅದೇ ಪಂಥದಲ್ಲಿ, ಮೂರು ಶತಮಾನಗಳ ಅನಂತರ, ದಾಸನಾಗಿ ಹುಟ್ಟಿದ ಎಪಿಕ್ಟೀಟಸನು ಗುರುವೆನಿಸಿಕೊಂಡನು. ಅವನ ಉಪದೇಶಗಳನ್ನು ಓದಿದವರಲ್ಲಿ ರೋಮಿನ ಚಕ್ರವರ್ತಿ ಮಾರ್ಕಸ್ ಔರೇಲಿಯಸನೂ ಒಬ್ಬ. ನಮ್ಮ ವಶದಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂಬ ವಿವೇಕವೇ ಸ್ವಾತಂತ್ರ್ಯವೆಂಬ ಸ್ಟೋಯಿಕರ ಬೋಧೆ ಈಚೆಗೆ ನಮ್ಮ ತರುಣರಿಗೆ ಬಹಳ ಪ್ರಿಯವಾಗಿದೆ. ಪುಸ್ತಕದಂಗಡಿಗಳಲ್ಲಿಯೂ ಮೊಬೈಲ್ ಫೋನಿನ ವಿಡಿಯೋಗಳಲ್ಲಿಯೂ ಅದರ ಸಾರಾಂಶಗಳು ಯಥೇಚ್ಛವಾಗಿ ದೊರೆಯುತ್ತವೆ. ಪರೀಕ್ಷೆಯಲ್ಲಿ ಸೋತವನಿಗೆ, ಕೆಲಸ ಕಳೆದುಕೊಂಡವನಿಗೆ ಅದು ಬಲವನ್ನು ಕೊಡುವುದಾದರೆ ಸಂತೋಷವೇ. ಆದರೆ ಸ್ಟೋಯಿಕ್ ಬೋಧೆಯು ಸ್ವಂತ ದುಃಖಕ್ಕೆ ಔಷಧ. ಅದನ್ನು ಪರರ ದುಃಖಕ್ಕೆ ಅನ್ವಯಿಸಿ, ಅವನ ಪಾಡು ನನ್ನ ವಶದಲ್ಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುವುದು ಆ ಬೋಧೆಗೆ ಮಾಡುವ ದ್ರೋಹ. ಎಲ್ಲ ಮನುಷ್ಯರೂ ಒಂದೇ ವಿಶ್ವನಗರದ ಪೌರರೆಂಬುದೂ ಅದೇ ಸ್ಟೋಯಿಕರ ಮಾತೇ.

ಮಂಗಳೂರಿನಲ್ಲಿ ನಿಂತು ನೀತಿಯನ್ನು ಕುರಿತು ಮಾತನಾಡುವವನು ಇನ್ನೊಂದು ವಿಷಯವನ್ನು ದಾಟಿಹೋಗಲಾಗದು. ಭಿನ್ನಮತದ ಯುವಕ ಯುವತಿಯರು ಬಸ್ಸಿನಲ್ಲಿ ಜತೆಗೆ ಕುಳಿತರೆಂದು, ಹೋಟೆಲಿನಲ್ಲಿ ಕೂಡಿ ಉಂಡರೆಂದು, ತಮ್ಮನ್ನು ತಾವೇ ನೀತಿರಕ್ಷಕರನ್ನಾಗಿ ನೇಮಿಸಿಕೊಂಡವರು ಅವರನ್ನು ತಡೆದು ಥಳಿಸಿದ ವಾರ್ತೆಗಳು ಈ ಜಿಲ್ಲೆಯಿಂದ ಪದೇ ಪದೇ ಹೊರಟು ದೇಶವನ್ನೆಲ್ಲ ಮುಟ್ಟಿವೆ. ಅರಿಸ್ಟಾಟಲನು ಒಂದು ಕಾರ್ಯವು ಸದ್ಗುಣದ ಕಾರ್ಯವೆನಿಸಲು ಮೂರು ನಿಬಂಧನೆಗಳನ್ನು ವಿಧಿಸಿದನು: ಮಾಡುವವನು ತಿಳಿದು ಮಾಡಬೇಕು, ಅದು ಒಳ್ಳೆಯದೆಂಬ ಕಾರಣಕ್ಕಾಗಿಯೇ ತಾನಾಗಿ ಆರಿಸಿ ಮಾಡಬೇಕು, ಸ್ಥಿರವಾದ ಶೀಲದಿಂದ ಮಾಡಬೇಕು. ಬಡಿಗೆಯ ಭಯದಿಂದ ದೂರ ಸರಿದು ಕುಳಿತ ಇಬ್ಬರಲ್ಲಿ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಬಡಿಗೆಯನ್ನು ಎತ್ತಿದವನಲ್ಲಿಯೂ ಇರುವುದಿಲ್ಲ. ಕೋಪಗೊಳ್ಳುವುದು ಎಲ್ಲರಿಗೂ ಸುಲಭ, ತಕ್ಕವನ ಮೇಲೆ, ತಕ್ಕಷ್ಟು, ತಕ್ಕ ಸಮಯದಲ್ಲಿ, ತಕ್ಕ ಕಾರಣಕ್ಕೆ ಕೋಪಗೊಳ್ಳುವುದು ಕಷ್ಟ ಎಂದೂ ಅವನು ಹೇಳಿದನು. ಉಪ್ಪನ್ನು ಹಂಚಿಕೊಂಡು ತಿನ್ನುವುದನ್ನೇ ಅಪರಾಧವೆಂದು ಬಗೆಯುವ ಕೋಪವು ಹಳೆಯ ಸಹಪಂಕ್ತಿನಿಷೇಧದ ಹೊಸ ವೇಷವೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು. ರಂಗರಾಯರನ್ನು ಬಹಿಷ್ಕರಿಸಿದವರೂ ತಾವು ಧರ್ಮವನ್ನು ರಕ್ಷಿಸುತ್ತಿರುವೆವೆಂದೇ ನಂಬಿದ್ದರು.

ಅರಿಸ್ಟಾಟಲನು ತನ್ನ ನೀತಿಗ್ರಂಥವನ್ನು ಮುಗಿಸುವ ರೀತಿ ಸ್ವಾರಸ್ಯವಾಗಿದೆ. ವಾದಗಳಿಂದಲೇ ಜನ ಸಜ್ಜನರಾಗುವಂತಿದ್ದರೆ ವಾದಗಳಿಗೆ ದೊಡ್ಡ ಬೆಲೆಯೇ ಬರುತ್ತಿತ್ತು, ಹಾಗಾಗುವುದಿಲ್ಲ, ಆದುದರಿಂದ ಇನ್ನು ಕಾನೂನುಗಳನ್ನೂ ರಾಜ್ಯವ್ಯವಸ್ಥೆಯನ್ನೂ ಪರಿಶೀಲಿಸೋಣ ಎಂದು ಹೇಳಿ ಅವನು 'ರಾಜನೀತಿ'ಯ ಕಡೆಗೆ ತಿರುಗುತ್ತಾನೆ. ಭಾಷಣದ ಪೀಠದಲ್ಲಿ ಕುಳಿತವನಿಗೂ ಅದೇ ದಾರಿ. ಮಲದ ಗುಂಡಿಗೂ ಒಳಚರಂಡಿಗೂ ರಕ್ಷಣಾಸಾಧನಗಳಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕೇಂದ್ರ ಕಾನೂನು ನಿಷೇಧಿಸಿದೆ. ನಗರಸಭೆಯಾಗಲಿ ಗುತ್ತಿಗೆದಾರನಾಗಲಿ ಖಾಸಗಿ ವ್ಯಕ್ತಿಯಾಗಲಿ, ಇಳಿಸಿದವನು ಮೊದಲ ಅಪರಾಧಕ್ಕೆ ಎರಡು ವರ್ಷಗಳವರೆಗಿನ ಸೆರೆವಾಸಕ್ಕೆ, ಎರಡು ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ, ಇಲ್ಲವೆ ಎರಡಕ್ಕೂ ಗುರಿಯಾಗತಕ್ಕವನು. ಅತ್ತಾವರದ ವಸತಿಸಮುಚ್ಚಯಗಳಲ್ಲಿ ಮಾಲೀಕರ ಸಂಘಗಳು ವರ್ಷಕ್ಕೊಮ್ಮೆ ಮಹಾಸಭೆಯನ್ನು ಸೇರಿ ಲಿಫ್ಟು, ಬಣ್ಣ, ನೀರಿನ ಟ್ಯಾಂಕರು, ವಾಹನನಿಲುಗಡೆಗಳ ಬಗ್ಗೆ ಚರ್ಚಿಸುತ್ತವೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ, ನಮ್ಮ ಕಟ್ಟಡದ ಗುಂಡಿಯನ್ನು ಯಾರು, ಯಾವ ಯಂತ್ರದಿಂದ ಶುದ್ಧಮಾಡುತ್ತಾರೆ, ನಮ್ಮ ಕಾವಲುಗಾರನಿಗೆ ವಾರದಲ್ಲಿ ಒಂದು ದಿನ ರಜೆಯುಂಟೇ, ನಮ್ಮ ಮೆಟ್ಟಿಲು ಗುಡಿಸುವವಳು ಯಾವ ನಲ್ಲಿಯಿಂದ ನೀರು ಕುಡಿಯುತ್ತಾಳೆ, ಎಂಬ ಮೂರು ಪ್ರಶ್ನೆಗಳನ್ನು ಸೇರಿಸುವಂತೆ ನಿಮ್ಮಲ್ಲಿ ಸದಸ್ಯರಾದವರು ಕಾರ್ಯದರ್ಶಿಗೆ ಈ ವಾರವೇ ಒಂದು ಪತ್ರವನ್ನು ಬರೆಯಬಹುದು. ಅದಕ್ಕೆ ಒಬ್ಬರ ಸಹಿ ಸಾಕು.